ಚಿತ್ತಾಪುರದ ಹಾದಿಯಲ್ಲಿ ಹಲ್ಲಿನ ಲೆಕ್ಕ

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಹಾದಿಯಲ್ಲಿ ಒಮ್ಮೆಯಾದರೂ ಪಯಣಿಸಿದವರಿಗೆ ವಾಡಿ ಎಂಬ ಜಂಕ್ಷನ್ನಿನ ಹೆಸರು ಅಪರಿಚಿತವಲ್ಲ. ಆದರೆ ಅಲ್ಲಿ ಇಳಿದು ನೋಡಿದವರು ವಿರಳ. ಗಾಡಿ ನಿಂತಾಗ ಒಂದು ಲೋಟ ಚಹಾ ಕುಡಿದು, ಸಿಮೆಂಟ್ ಕಾರ್ಖಾನೆಯ ಚಿಮಣಿಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಕಿಟಕಿಯ ಪಕ್ಕದ ಆಸನಕ್ಕೆ ಮರಳುವವರೇ ಹೆಚ್ಚು. ಇಲ್ಲಿಂದ ಪೂರ್ವಕ್ಕೆ ಒಂದು ಹಾದಿ ಕವಲೊಡೆಯುತ್ತದೆ. ನಿಜಾಮರ ರಾಜಧಾನಿಯನ್ನು ಈ ದೊಡ್ಡ ಹಾದಿಗೆ ಕೂಡಿಸಲೆಂದು 1874ರಲ್ಲಿ ತೆರೆದ ಆ ಕವಲಿನ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಂದು ನಿಲ್ದಾಣಗಳು ಒಂದಾದ ಮೇಲೊಂದರಂತೆ ಬರುತ್ತವೆ.

ಈ ಸೀಮೆಯ ನೆಲಕ್ಕೆ ಎರಡು ಮುಖಗಳು. ಮೇಲೆ ಕಪ್ಪು ಎರೆಮಣ್ಣು, ಅದರಲ್ಲಿ ತೊಗರಿ. ಕೆಳಗೆ ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು. ಅದನ್ನು ಶಹಾಬಾದ್ ಕಲ್ಲೆಂದೂ ಫರ್ಸಿಯೆಂದೂ ಕರೆದು, ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ್ದಾರೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನವಿತ್ತು. ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನ ದೊರೆಯಿತು. ಮಳಖೇಡವಂತೂ ರಾಷ್ಟ್ರಕೂಟರ ಮಾನ್ಯಖೇಟ. ಇವನ್ನು ಕುರಿತು ಬಲ್ಲವರು ಬರೆದಿದ್ದಾರೆ; ಇನ್ನೂ ಬರೆಯುವರು. ನಾನು ಇಲ್ಲಿ ಹೇಳಹೊರಟಿರುವುದು ಈ ಹಾದಿಯಲ್ಲಿ ಉರುಳುವ ಗಾಲಿಗಳ ಸಂಗತಿ. ಕನ್ನಡ ಪಾಠ ಹೇಳುವವನಿಗೆ ಗಾಲಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ ನನ್ನ ಸೋದರಳಿಯ.

ಅವನು ಬೆಂಗಳೂರಿನಲ್ಲಿ ಇಂಜಿನಿಯರು. ಎರಡೇ ಆಸನದ, ಹಿಂದಿನ ಗಾಲಿಗಳಿಂದ ಓಡುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಸಾಕಿದ್ದಾನೆ. ಸಾಕಿದ್ದಾನೆ ಎಂಬುದೇ ಸರಿಯಾದ ಮಾತು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿ.ಮೀ. ಸುತ್ತಳತೆಯ ಓಟದ ಹಾದಿಯೊಂದಿದೆ. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಹಣ ಕಟ್ಟಿದವರಿಗೆ ತಮ್ಮ ಕಾರುಗಳನ್ನು ಅಲ್ಲಿ ಓಡಿಸಲು ಅವಕಾಶವುಂಟು. ಟ್ರ್ಯಾಕ್ ದಿನವೆಂದು ಅದರ ಹೆಸರು. ಬಹುಮಾನವಿಲ್ಲ, ಎದುರಾಳಿಯೂ ಇಲ್ಲ, ಕೈಗಡಿಯಾರವೊಂದೇ ಸಾಕ್ಷಿ. ನಮ್ಮ ಅಕ್ಕನಿಗೆ ಇದು ಸೇರದು. "ಅದನ್ನ ಮಾರಿ, ಮನಿ ಮಂದಿ ನಾಕ್ ಜನ ಕೂಡೂ ಗಾಡಿ ತಗೋ" ಎಂಬುದು ಅವಳ ನಿತ್ಯದ ಮಂತ್ರ.

ಕಳೆದ ಮಳೆಗಾಲದ ಕೊನೆಯಲ್ಲಿ ಮನೆಯ ಮಂಗಳಕಾರ್ಯಕ್ಕೆಂದು ಬಂದಿದ್ದವನ ತಲೆಯೊಳಗೆ ಒಂದೇ ಚಿಂತೆಯಿತ್ತು. ಕಾರಿನ ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಶಿಯಲ್ಲಿನ ಗಿಯರನ್ನು ಬದಲಿಸಬೇಕೆ, ಬೇಡವೆ? ಬದಲಿಸುವುದಾದರೆ ಎಷ್ಟು ಹಲ್ಲಿನದು? ಕೂಡಿಟ್ಟ ಹಣ ಒಂದು ಕೆಲಸಕ್ಕಷ್ಟೇ ಸಾಲುವಂಥದು. ಸಾಮಾನು ಹೊರದೇಶದಿಂದ ಬರಬೇಕು, ಸುಂಕ ಬೇರೆ. ಒಮ್ಮೆ ಎಣ್ಣೆಯೊಳಗೆ ಕೂತು ತಿರುಗಿದ ಗಿಯರನ್ನು ಯಾವ ಅಂಗಡಿಯವನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕು ದಿನ ಅವನೊಡನೆ ಈ ಸೀಮೆಯನ್ನು ಸುತ್ತಿದೆನು. ಅವನ ಪ್ರಶ್ನೆಗೆ ಉತ್ತರ ಒಂದೊಂದು ಊರಿನಲ್ಲಿ ಒಂದೊಂದು ತುಣುಕಾಗಿ ಸಿಕ್ಕಿತು.

ಮೊದಲು ಈ ಯಂತ್ರವೇನೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಎತ್ತಿನ ಬಂಡಿಯನ್ನು ನೋಡಿರಿ. ಅಚ್ಚು ಸುಮ್ಮನಿರುತ್ತದೆ, ಎರಡು ಗಾಲಿಗಳೂ ಅದರ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಬಂಡಿ ಎಡಕ್ಕೆ ಹೊರಳುವಾಗ ಬಲಗಾಲಿ ಹೆಚ್ಚು ದೂರ ನಡೆಯುತ್ತದೆ, ಎಡಗಾಲಿ ಕಡಿಮೆ. ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಎಳೆಯುವುದು ಎತ್ತು, ಗಾಲಿಯಲ್ಲ. ಮೋಟಾರು ಗಾಡಿಯಲ್ಲಾದರೋ ಗಾಲಿಯೇ ಎಳೆಯಬೇಕು. ಒಂದೇ ಇಂಜಿನು ಎರಡು ಗಾಲಿಗಳಿಗೂ ಬಲ ಕೊಡಬೇಕು. ತಿರುವಿನಲ್ಲಿ ಅವೆರಡೂ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಈ ಇಕ್ಕಟ್ಟನ್ನು ಬಿಡಿಸುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಶಿಯಲ್. 19ನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಗಡಿಯಾರದ ಕುಶಲಿ ಒನೆಸಿಫೋರ್ ಪೆಕೇರ್ ಎಂಬಾತನು ಇದನ್ನು ಉಗಿಗಾಡಿಗೆಂದು ರೂಪಿಸಿದನು.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಇಂಜಿನ್ನಿನ ಕಡೆಯಿಂದ ಬಂದ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ಅದಕ್ಕೆ ಕಚ್ಚಿಕೊಂಡು ಕ್ರೌನ್ ಎಂಬ ದೊಡ್ಡ ಚಕ್ರ. ದೊಡ್ಡದರ ಹಲ್ಲುಗಳನ್ನು ಚಿಕ್ಕದರ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನಮ್ಮ ಹುಡುಗನ ನಿದ್ದೆಗೆಡಿಸಿದ ಸಂಖ್ಯೆ. ಅವನ ಕಾರಿನಲ್ಲಿ 41ಕ್ಕೆ 10, ಅಂದರೆ 4.1. ತರಿಸಬೇಕೆಂದಿದ್ದುದು 43ಕ್ಕೆ 9, ಸುಮಾರು 4.78. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. 41, 43 ಎಂಬ ಒಡೆಯಲಾರದ ಸಂಖ್ಯೆಗಳನ್ನು ಆರಿಸುವುದರಲ್ಲೂ ಒಂದು ಜಾಣ್ಮೆಯಿದೆ: ಒಂದೇ ಹಲ್ಲಿಗೆ ಒಂದೇ ಹಲ್ಲು ಮತ್ತೆ ಮತ್ತೆ ಎದುರಾಗದೆ, ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ.

ವಾಡಿಯ ಪ್ಲಾಟ್‌ಫಾರ್ಮಿನ ಕೊನೆಗೆ ಅಳಿಯನು ನನ್ನನ್ನು ಕರೆದೊಯ್ದು ನಿಲ್ಲಿಸಿದನು. ಒಂದು ಕಡೆ ಸರಕುಗಾಡಿಯ ಮುಂದೆ ಡಬ್ಲ್ಯೂಎಜಿ-9 ಎಂಬ ವಿದ್ಯುತ್ ಇಂಜಿನು. ಇನ್ನೊಂದು ಕಡೆ ಪ್ರಯಾಣಿಕರ ಗಾಡಿಯ ಮುಂದೆ ಡಬ್ಲ್ಯೂಎಪಿ-7.

"ಮಾಮಾ, ಇವೆರಡೂ ಅಣ್ಣತಮ್ಮಂದಿರು. ಮೋಟಾರು, ಮೈಕಟ್ಟು ಹೆಚ್ಚುಕಡಿಮೆ ಒಂದೇ. ಬದಲಾಗಿರುವ ಮುಖ್ಯ ಸಂಗತಿ ಹಲ್ಲು" ಎಂದನು.

ಸರಕಿನ ಇಂಜಿನ್ನಿಗೆ 77ಕ್ಕೆ 15, ಅಂದರೆ 5.13, ಪ್ರಯಾಣಿಕರದಕ್ಕೆ 72ಕ್ಕೆ 20, ಅಂದರೆ 3.6. ಸರಕಿನದು ನಿಂತಲ್ಲಿಂದ ಸುಮಾರು 460 ಕಿಲೋನ್ಯೂಟನ್ ಬಲದಿಂದ ಎಳೆಯಬಲ್ಲದು. ಪ್ರಯಾಣಿಕರದು ಸುಮಾರು 323. ಆದರೆ ಸರಕಿನದರ ವೇಗದ ಮಿತಿ ಗಂಟೆಗೆ 100 ಕಿ.ಮೀ., ಇನ್ನೊಂದರದು 140. ನನಗೆ ಗಣಿತದ ಮೋಹವಿಲ್ಲ. ಆದರೂ ಚೀಟಿಯ ಹಿಂದೆ ಭಾಗಾಕಾರ ಮಾಡಿದೆನು. ಹಲ್ಲಿನ ಲೆಕ್ಕದಲ್ಲಿ ಎಷ್ಟು ಪಾಲು ಹೆಚ್ಚಿತ್ತೋ ಎಳೆತದಲ್ಲಿಯೂ ಅಷ್ಟೇ ಪಾಲು, ಸುಮಾರು ಒಂದೂ ಕಾಲಿಗಿಂತ ಮೇಲೆ, ಒಂದೂವರೆಗಿಂತ ಕೆಳಗೆ. ವೇಗದಲ್ಲಿ ಕಳೆದುಕೊಂಡದ್ದೂ ಹತ್ತಿರ ಹತ್ತಿರ ಅಷ್ಟೇ. ಹಲ್ಲುಚಕ್ರವು ಏನನ್ನೂ ಹುಟ್ಟಿಸುವುದಿಲ್ಲ. ಒಂದು ಕೈಯಿಂದ ತೆಗೆದುಕೊಂಡು ಇನ್ನೊಂದು ಕೈಗೆ ಕೊಡುವ ಪ್ರಾಮಾಣಿಕ ಶೆಟ್ಟಿ ಅದು.

"ಇವುಗಳ ಅಚ್ಚಿಗೂ ಡಿಫರೆನ್ಶಿಯಲ್ ಇದೆಯೇ?" ಎಂದು ಕೇಳಿದೆನು.

ಇಲ್ಲವಂತೆ! ರೈಲಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿಯಾಗಿ ಕೂತಿರುತ್ತವೆ. ಹೈದರಾಬಾದಿನ ಕವಲಿಗೆ ತಿರುಗುವಾಗ ಅವು ಹೇಗೆ ಹೊಂದಿಕೊಳ್ಳುತ್ತವೆ? ಗಾಲಿಯ ಮೈ ಸಪಾಟಾಗಿರದೆ ಸ್ವಲ್ಪ ಓರೆಯಾಗಿರುತ್ತದೆ, ತುದಿ ಕತ್ತರಿಸಿದ ಶಂಕುವಿನಂತೆ. ತಿರುವಿನಲ್ಲಿ ಗಾಲಿಜೋಡಿ ಹೊರಗಡೆಗೆ ಸರಿಯುತ್ತದೆ. ಆಗ ಹೊರಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಾಲಿ ತನ್ನ ಸಣ್ಣ ಭಾಗದ ಮೇಲೆ ಉರುಳುತ್ತದೆ. ದಪ್ಪ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದು ಸಹಜವಷ್ಟೆ. ತಿರುವು ಬಹಳ ಕಡಿದಾದಲ್ಲಿ ಈ ಉಪಾಯ ಸಾಲದೆ ಗಾಲಿಗಳು ಕಿರುಗುಟ್ಟುತ್ತವೆ.

ಮರುದಿನ ಟಂಟಂ ಹಿಡಿದು ಚಿತ್ತಾಪುರದ ಕಡೆಯ ಕಲ್ಲಿನ ಗಣಿಗಳತ್ತ ಹೊರಟೆವು. ಇಲ್ಲಿನವರ ಬಾಯಲ್ಲಿ ಗಣಿಯು ಖಣಿ. ಹೊಲಗಳ ನಡುವೆ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದಾರೆ. ಹಾರೆಯ ಮೊನೆ ತಾಕಿದರೆ ಹಳೆಯ ಪುಸ್ತಕದ ಪುಟದಂತೆ ಕಲ್ಲು ಬಿಡಿಸಿಕೊಳ್ಳುತ್ತದೆ. ಬೂದು, ತಿಳಿಹಸಿರು, ನಸುಗೆಂಪು ಹಾಸುಗಳನ್ನು ಲಾರಿಗಳಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯುತ್ತಾರೆ. ಚಹಾದ ಅಂಗಡಿಯ ಮುಂದೆ ನಿಂತಿದ್ದ ಲಾರಿಯವರೊಬ್ಬರನ್ನು ಅಳಿಯನು ಮಾತಿಗೆಳೆದನು. ಖಣಿಯೊಳಗೆ ಇಳಿದು ಹತ್ತುವ ಟಿಪ್ಪರಿಗೂ ಹೆದ್ದಾರಿಯಲ್ಲಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವ ಲಾರಿಗೂ ಕ್ರೌನ್ ಪಿನಿಯನ್ ಒಂದೇ ಇರುತ್ತದೆಯೇ ಎಂಬುದು ಅವನ ಪ್ರಶ್ನೆ.

"ಹ್ಯಾಂಗ ಒಂದ ಇರ್ತದ್ರಿ? ಖಣಿ ಗಾಡಿಗಿ ದಮ್ ಬೇಕು, ರೋಡಿನ ಗಾಡಿಗಿ ಓಟ ಬೇಕು. ಖಣಿ ಗಾಡಿ ತಗೊಂಡು ಹೈದ್ರಾಬಾದಿಗಿ ಹೋದ್ರ ಡೀಸೆಲ್ ಕುಡಿತದ, ಇಂಜಿನ್ ಒದರ್ತದ. ರೋಡಿನ ಗಾಡಿ ಖಣಿಯಾಗ ಇಳಿಸಿದ್ರ ಕ್ಲಚ್ ಸುಟ್ಟು ಅಲ್ಲೇ ಕುಂದರ್ತದ" ಎಂದರು ಅವರು.

ಟಿಪ್ಪರುಗಳಲ್ಲಿ 41ಕ್ಕೆ 6 ಹಲ್ಲು, ದೂರದ ಲಾರಿಗಳಲ್ಲಿ 41ಕ್ಕೆ 7 ಇರುವುದುಂಟು. ಚಿಕ್ಕ ಚಕ್ರದಲ್ಲಿ ಒಂದೇ ಹಲ್ಲಿನ ವ್ಯತ್ಯಾಸ. ಎಳೆತದಲ್ಲಿ ನೂರಕ್ಕೆ ಸುಮಾರು 17ರ ವ್ಯತ್ಯಾಸ. ಅಳಿಯನ 4.1ಕ್ಕೂ 4.78ಕ್ಕೂ ನಡುವೆ ಇದ್ದುದು ಸರಿಸುಮಾರು ಇದೇ ಅಂತರವೆಂಬುದು ಅವನಿಗೆ ಆಗ ಹೊಳೆಯಿತು. ತನ್ನ ಹಾದಿ ಖಣಿಯೋ ಹೆದ್ದಾರಿಯೋ ಎಂಬುದನ್ನು ಅವನೇ ಕಂಡುಕೊಳ್ಳಬೇಕಾಗಿತ್ತು.

ಅಂದು ರಾತ್ರಿ ಅವನು ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದನು. ಅವನ ಇಂಜಿನು ನಿಮಿಷಕ್ಕೆ 7000 ಸುತ್ತಿನವರೆಗೆ ತಿರುಗಬಲ್ಲದು. ಟೈರಿನ ಸುತ್ತಳತೆ 1.8 ಮೀಟರು. 4.1ರ ಹಲ್ಲಿನಲ್ಲಿ ಎರಡನೆಯ ಗಿಯರು ಗಂಟೆಗೆ 97 ಕಿ.ಮೀ.ವರೆಗೆ, ಮೂರನೆಯದು 139ರವರೆಗೆ, ನಾಲ್ಕನೆಯದು 184ರವರೆಗೆ ಹೋಗುತ್ತದೆ. 4.78 ಹಾಕಿದರೆ ಅವೇ ಗಿಯರುಗಳು ಕ್ರಮವಾಗಿ 83, 119, 158ಕ್ಕೆ ಮುಗಿಯುತ್ತವೆ. ಓಟದ ಹಾದಿಯ ಅತ್ಯಂತ ನೇರವಾದ ಭಾಗದ ಕೊನೆಯಲ್ಲಿಯೂ ಅವನ ಕಾರು 150 ಮುಟ್ಟಿ ಬ್ರೇಕು ಹಾಕಬೇಕಾಗುತ್ತಿತ್ತು. ಹಾಗಾದರೆ 184 ಯಾರಿಗೆ ಬೇಕು? 158 ಸಾಕಲ್ಲ! ಓಟದ ಗೆಳೆಯರೆಲ್ಲರೂ ಹೇಳಿದ್ದು ಇದನ್ನೇ. ಅವನೂ ನಂಬಿದ್ದನು.

ಆದರೆ ವೇಗಗಳನ್ನು ತುಂಡು ತುಂಡು ಮಾಡಿ ಎದುರುಬದುರಿಗೆ ಇಟ್ಟಾಗ ಬೇರೆಯೇ ಚಿತ್ರ ಕಾಣಿಸಿತು. 83ರ ಕೆಳಗೆ ಎರಡೂ ಎರಡನೆಯ ಗಿಯರಿನಲ್ಲಿರುತ್ತವೆ; ಅಲ್ಲಿ 4.78ರದೇ ಮೇಲುಗೈ. 83ಕ್ಕೆ ಅದು ಮೂರನೆಯ ಗಿಯರಿಗೆ ಹೋಗಲೇಬೇಕು, 4.1 ಆದರೋ 97ರವರೆಗೆ ಇನ್ನೂ ಎರಡನೆಯದರಲ್ಲೇ ಎಳೆಯುತ್ತದೆ. ಆ ತುಂಡಿನಲ್ಲಿ ಹಳೆಯ ಹಲ್ಲೇ ಬಲಶಾಲಿ. 97ರಿಂದ 119ರವರೆಗೆ ಮತ್ತೆ ಹೊಸತು. 119ರಿಂದ 139ರವರೆಗೆ ಮತ್ತೆ ಹಳೆಯದು. ಅಲ್ಲಿಂದ ಮೇಲೆ ಹೊಸತು. ಗರಗಸದ ಅಂಚಿನಂತೆ ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ಸಂಖ್ಯೆ ದೊಡ್ಡದಾದರೆ ಎಲ್ಲೆಲ್ಲಿಯೂ ಎಳೆತ ಹೆಚ್ಚೆಂಬ ನಂಬಿಕೆ ಒಂದೇ ಗಿಯರಿನೊಳಗೆ ಮಾತ್ರ ನಿಜ.

ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಸುತ್ತು ಮುಗಿಸುವಷ್ಟರಲ್ಲಿ ಕಾರು ಹೆಚ್ಚು ಹೊತ್ತು ಇರುವುದು ಯಾವ ವೇಗದಲ್ಲಿ? ಅವನ ಟಿಪ್ಪಣಿಯಲ್ಲಿ ಉತ್ತರವಿತ್ತು. ಎರಡು ತಿರುವುಗಳ ನಡುವೆ ಕಾರು 95ರವರೆಗೆ ಏರಿ, ಕೂಡಲೇ ಬ್ರೇಕಿಗೆ ಇಳಿಯುತ್ತಿತ್ತು. ಹೊಸ ಹಲ್ಲು ಹಾಕಿದರೆ ಅಲ್ಲಿ 83ಕ್ಕೆ ಗಿಯರು ಬದಲಿಸಿ, ಮರುಗಳಿಗೆಯೇ ಮತ್ತೆ ಕೆಳಗಿಳಿಸಬೇಕಾದೀತು. ನೇರ ಭಾಗದಲ್ಲಿಯೂ ಹೆಚ್ಚು ಹೊತ್ತು ಕಳೆಯುತ್ತಿದ್ದುದು 120ರಿಂದ 140ರ ನಡುವೆ. ಎರಡು ಕಡೆಯೂ ಹಳೆಯ ಹಲ್ಲಿನ ರಾಜ್ಯ. ಇದರ ಮೇಲೆ, ಬೆಂಗಳೂರಿನಿಂದ ಚೆನ್ನೈಗೆ ಅದೇ ಕಾರಿನಲ್ಲಿ ಹೋಗಿ ಬರುವವನು ಅವನು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಐದನೆಯ ಗಿಯರಿನಲ್ಲಿ ಈಗ ಸುಮಾರು 3000 ಸುತ್ತು ತಿರುಗುವ ಇಂಜಿನು ಹೊಸ ಹಲ್ಲಿನಲ್ಲಿ 3500 ತಿರುಗುತ್ತದೆ. ದಾರಿಯುದ್ದಕ್ಕೂ ಸದ್ದು, ದಾರಿಯುದ್ದಕ್ಕೂ ಪೆಟ್ರೋಲು.

ಈ ಉತ್ತರ ಎಲ್ಲರಿಗೂ ಸಲ್ಲುವುದಿಲ್ಲ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಎರಡು ಕಿ.ಮೀ.ಗೆ ತುಸು ಹೆಚ್ಚು ಉದ್ದದ ಚಿಕ್ಕ ಹಾದಿ. ದೆಹಲಿಯ ಬಳಿ 2011ರಲ್ಲಿ ತೆರೆದ ಬುದ್ಧ ಸರ್ಕೀಟಿನಲ್ಲಿ ನೇರ ಭಾಗವೊಂದೇ ಒಂದು ಕಿ.ಮೀ. ದಾಟುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಬಾರದು. ಕಂದಪದ್ಯದ ನಡೆಯನ್ನು ರಗಳೆಗೆ ತೊಡಿಸಲಾಗದಷ್ಟೇ ಸತ್ಯವಿದು.

ಆದರೂ ಅವನ ಸಮಾಧಾನ ಅರ್ಧದಷ್ಟೇ ಆಗಿತ್ತು. ನಿಧಾನದ ತಿರುವಿನಿಂದ ಹೊರಡುವಾಗ ಕಾರು ಹಿಂದೆ ಬೀಳುತ್ತಿದ್ದುದು ನಿಜ. ಎಳೆತ ಸಾಲದೆಂದೇ ಅಲ್ಲವೆ ಅವನು ಹಲ್ಲಿನ ಬೆನ್ನು ಹತ್ತಿದ್ದು? ಆ ರೋಗದ ನಿದಾನ ಮಾರನೆಯ ದಿನ ಹೊಲದಲ್ಲಿ ಆಯಿತು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆಭೂಮಿ ಮಳೆ ಕುಡಿದರೆ ಬೆಣ್ಣೆಯಂತಾಗುತ್ತದೆ. ಕಾಲಿಟ್ಟವನ ಚಪ್ಪಲಿ ಅದರದೇ ಸ್ವತ್ತು. ತೊಗರಿಯ ಹೊಲದ ಅಂಚಿನಲ್ಲಿ ಟ್ರ್ಯಾಕ್ಟರೊಂದು ಸಿಕ್ಕಿಕೊಂಡಿತ್ತು. ಒಂದು ಗಾಲಿ ಕೆಸರಿನಲ್ಲಿ ಗರಗರನೆ ಸುತ್ತುತ್ತಿದೆ. ಗಟ್ಟಿ ನೆಲದ ಮೇಲಿದ್ದ ಇನ್ನೊಂದು ಗಾಲಿ ಅಲುಗುತ್ತಲೇ ಇಲ್ಲ. ಡಿಫರೆನ್ಶಿಯಲ್ಲಿನ ಗುಣವೇ ಅದರ ದೋಷವೂ ಹೌದು. ಎರಡು ಗಾಲಿಗಳಿಗೂ ಅದು ಸಮಬಲ ಹಂಚುತ್ತದೆ. ಜಾರುವ ಗಾಲಿ ಎಷ್ಟು ಅಲ್ಪ ಬಲವನ್ನು ನೆಲಕ್ಕೆ ಊರಬಲ್ಲದೋ ಅಷ್ಟೇ ಬಲ ಗಟ್ಟಿ ನೆಲದ ಗಾಲಿಗೂ ದೊರೆಯುತ್ತದೆ. ಮಿಕ್ಕ ಶಕ್ತಿಯೆಲ್ಲ ಜಾರುವ ಗಾಲಿಯ ಗಿರಕಿಯಲ್ಲಿ ವ್ಯರ್ಥ.

ಟ್ರ್ಯಾಕ್ಟರಿನ ಯಜಮಾನರು ಗಾಬರಿಯಾಗಲಿಲ್ಲ. ಹಿಮ್ಮಡಿಯ ಬಳಿಯ ಪೆಡಲೊಂದನ್ನು ಒತ್ತಿದರು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬೆಸೆದಂತಾಗಿ, ಗಟ್ಟಿ ನೆಲದ ಗಾಲಿ ಕಚ್ಚಿ ಹಿಡಿದು, ಟ್ರ್ಯಾಕ್ಟರು ತೆವಳುತ್ತ ಮೇಲೆ ಬಂದಿತು. ಬಂದೊಡನೆ ಅವರು ಪೆಡಲನ್ನು ಬಿಟ್ಟರು.

"ಲಾಕ್ ಹಾಕ್ಕೊಂಡು ಗಾಡಿ ಹೊಳ್ಳಿಸಬಾರದ್ರಿ ಸರ. ಹೊಳ್ಳೂದೇ ಇಲ್ಲ, ನೆಟ್ಟಗ ಹೋಗ್ತದ. ಜೋರ್ ಮಾಡಿದ್ರ ಒಳಗ ಮುರೀತದ" ಎಂದರು.

ಅಳಿಯನು ಹೊಲದ ಬದುವಿನ ಮೇಲೆ ಕುಳಿತೇಬಿಟ್ಟನು. ಓಟದ ಹಾದಿಯ ನಿಧಾನದ ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಾಲಿಯ ಮೇಲೆ ವಾಲುತ್ತದೆ. ಒಳಗಾಲಿ ಹಗುರಾಗಿ ನೆಲ ಬಿಟ್ಟುಕೊಡುತ್ತದೆ. ಅವನು ಪೆಡಲು ಒತ್ತಿದಾಗ ಕೇಳುತ್ತಿದ್ದ ಟೈರಿನ ಚೀರಾಟ ಆ ಒಳಗಾಲಿಯದು. ಕೆಸರಿಲ್ಲದ ಕೆಸರು! ಅಲ್ಲಿ ಎಳೆತ ಕಡಿಮೆಯಾಗಿರಲಿಲ್ಲ. ಎಳೆತ ನೆಲಕ್ಕೆ ತಲುಪುತ್ತಿರಲಿಲ್ಲ. ಅಂಥ ಗಾಲಿಗೆ 4.78ರ ಹಲ್ಲು ಹಾಕಿ ಇನ್ನಷ್ಟು ಬಲ ಕೊಟ್ಟಿದ್ದರೆ ಅದು ಇನ್ನಷ್ಟು ಸುತ್ತುತ್ತಿತ್ತೇ ಹೊರತು ಕಾರು ಮುಂದೆ ಹೋಗುತ್ತಿರಲಿಲ್ಲ.

ಇದಕ್ಕೆ ಮದ್ದು ಹೊಸದಲ್ಲ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಓಟದ ಕಾರುಗಳ ಅಪಾರ ಶಕ್ತಿ ಒಂದೇ ಗಾಲಿಯ ಗಿರಕಿಯಲ್ಲಿ ಹಾಳಾಗುವುದನ್ನು ಕಂಡು ಫರ್ಡಿನಾಂಡ್ ಪೋರ್ಶೆಯು ಜಾರಿಕೆಗೆ ಮಿತಿ ಹಾಕುವ ಡಿಫರೆನ್ಶಿಯಲ್ಲನ್ನು ಬಳಕೆಗೆ ತಂದನು. ಲಿಮಿಟೆಡ್ ಸ್ಲಿಪ್ ಎಂದು ಅದರ ಹೆಸರು. ಟ್ರ್ಯಾಕ್ಟರಿನ ಲಾಕಿನಂತೆ ಅದು ಗಾಲಿಗಳನ್ನು ಪೂರ್ತಿ ಬೆಸೆಯುವುದಿಲ್ಲ. ತಿರುವಿಗೆ ಬೇಕಾದಷ್ಟು ಸಡಿಲ ಬಿಟ್ಟು, ಒಂದು ಗಾಲಿ ಅಂಕೆ ಮೀರಿದಾಗ ಹಿಡಿಯುತ್ತದೆ. ಅದರಲ್ಲಿ ಎರಡು ಬಗೆಗಳು ಮುಖ್ಯ. ಒಂದರಲ್ಲಿ ಕ್ಲಚ್ಚಿನ ತಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ಹಿಡಿಯುತ್ತವೆ. ಹಿಡಿತ ಬಲವಾದುದು, ಆದರೆ ತಟ್ಟೆಗಳು ಸವೆಯುತ್ತವೆ, ಬೇರೆಯೇ ಎಣ್ಣೆ ಬೇಕು, ಅತಿಯಾಗಿ ಬಿಗಿದರೆ ಕಾರು ತಿರುಗದೆ ನೆಟ್ಟಗೆ ಹೋಗಲು ನೋಡುತ್ತದೆ. ಇನ್ನೊಂದರಲ್ಲಿ ಹುರಿಹಲ್ಲಿನ ಚಕ್ರಗಳ ತಿಕ್ಕಾಟದಿಂದಲೇ ಹಿಡಿತ ಬರುತ್ತದೆ. ಅದು ಮೃದು, ಸವೆತವೂ ಅಲ್ಪ. ಒಂದು ಗಾಲಿ ಪೂರ್ತಿ ಗಾಳಿಯಲ್ಲಿ ಎದ್ದುಬಿಟ್ಟರೆ ಮಾತ್ರ ಅದರ ಆಟ ನಡೆಯದು. ಅಳಿಯನ ಕಾರಿನ ಒಳಗಾಲಿ ಹಗುರಾಗುತ್ತಿತ್ತು, ಏಳುತ್ತಿರಲಿಲ್ಲ. ಮೇಲಾಗಿ ಅದು ಮನೆಗೆ ಮರಳಬೇಕಾದ ಕಾರು. ಎರಡನೆಯ ಬಗೆಯೇ ಅವನಿಗೆ ತಕ್ಕದ್ದೆಂದು ತೋರಿತು.

ಕೊನೆಯ ದಿನ ಮಳಖೇಡಕ್ಕೆ ಹೋದೆವು. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಕಲ್ಲುಗಳು ಬಿಸಿಲು ಕಾಯುತ್ತಿದ್ದವು. ಒಂದು ಕಾಲಕ್ಕೆ ದಕ್ಷಿಣಾಪಥವನ್ನಾಳಿದ ನಗರದಲ್ಲಿ ಈಗ ಕುರಿಗಳು ನಿಶ್ಚಿಂತೆಯಾಗಿ ಮೇಯುತ್ತವೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಅದೇ. ಅಲ್ಲಿ ಕಾವ್ಯಕ್ಕೆ ಎರಡು ಮಾರ್ಗಗಳನ್ನು ಹೇಳಿದೆ: ದಕ್ಷಿಣ ಮಾರ್ಗ, ಉತ್ತರ ಮಾರ್ಗ. ಒಂದೊಂದು ಗುಣ ಒಂದೊಂದು ಮಾರ್ಗದಲ್ಲಿ ಹೇಗೆ ಬೇರೆಯಾಗಿ ಕಾಣಿಸಿಕೊಳ್ಳುತ್ತದೆಂಬುದನ್ನು ಗ್ರಂಥಕಾರನು ತಾಳ್ಮೆಯಿಂದ ವಿವರಿಸುತ್ತಾನೆ. ತರಗತಿಯಲ್ಲಿ ಎಷ್ಟೋ ಸಲ ಈ ಭಾಗವನ್ನು ಪಾಠ ಮಾಡಿದ್ದೇನೆ. ಲಾರಿಯವರ ದಮ್ಮು ಮತ್ತು ಓಟದ ಮಾತನ್ನು ಕೇಳಿದ ಮೇಲೆ ಆ ಪಾಠಕ್ಕೆ ಹೊಸದೊಂದು ಉದಾಹರಣೆ ಸಿಕ್ಕಿದಂತಾಯಿತು. ಯಾವ ಮಾರ್ಗ ದೊಡ್ಡದೆಂದು ಜಗಳವಾಡುವವನಿಗಿಂತ, ತಾನು ಹೇಳಬೇಕಾದುದೇನೆಂದು ಬಲ್ಲವನಿಗೆ ಆಯ್ಕೆ ಸುಲಭ.

ಅಳಿಯನು ಕೋಟೆಯ ಗೋಡೆಗೆ ಒರಗಿ ಟಿಪ್ಪಣಿ ಪುಸ್ತಕದಲ್ಲಿ 43ಕ್ಕೆ 9 ಎಂದು ಬರೆದುದನ್ನು ಹೊಡೆದುಹಾಕಿದನು. 4.1ರ ಹಲ್ಲು ಇರುವಂತೆಯೇ ಇರಲಿ. ಹಣವು ಜಾರಿಕೆ ತಡೆಯುವ ಡಿಫರೆನ್ಶಿಯಲ್ಲಿಗೆ ಸಲ್ಲಲಿ. ಮುಂದೆ ಬೇರೆ ಹಾದಿಗೆ ಹೋದರೆ ಲೆಕ್ಕವನ್ನು ಮೊದಲಿನಿಂದ ಮಾಡುವುದು. ಹೀಗೆ ತೀರ್ಮಾನವಾಯಿತು. ಆ ಸಂಜೆ ನಾವು ಹತ್ತಿದ ಬಸ್ಸಿನ ಮುಂದೆ, ಸಿಮೆಂಟು ತುಂಬಿದ ಲಾರಿಯೊಂದು ತನ್ನ ಕೆಳಗಿಯರಿನಲ್ಲಿ ನರಳುತ್ತ ಏರು ಹತ್ತುತ್ತಿತ್ತು. ಎಂದೂ ಲಾರಿಯನ್ನು ಕಂಡರೆ ಮುಖ ಸಿಂಡರಿಸುವವನು ಅಂದು ಅದರ ಹಿಂದಿನ ಅಚ್ಚನ್ನೇ ಗೌರವದಿಂದ ನೋಡುತ್ತ ಕುಳಿತಿದ್ದನು.

ಮೂರು ತಿಂಗಳ ಬಳಿಕ ಅವನಿಂದ ಸುದ್ದಿ ಬಂದಿತು. ಹೊಸ ಯಂತ್ರ ಕೂತಿದೆ. ನಿಧಾನದ ತಿರುವಿನಲ್ಲಿ ಟೈರು ಈಗ ಚೀರುವುದಿಲ್ಲವಂತೆ. ಕೈಗಡಿಯಾರವೂ ಅದನ್ನು ಒಪ್ಪಿದೆಯಂತೆ. ಅಕ್ಕ ಮಾತ್ರ ನಾಲ್ಕು ಜನ ಕೂಡುವ ಗಾಡಿಯ ಮಾತನ್ನು ಬಿಟ್ಟಿಲ್ಲ. ಅವಳ ಹಾದಿ ಬೇರೆ. ಅದರ ಹಲ್ಲಿನ ಲೆಕ್ಕವೂ ಬೇರೆ.